ಪ್ರೊಸೆಸರ್ ಸಾಲಲ್ಲ ಅಂತ 38,500 ಕಟ್ಟಿಸಿಕೊಂಡರು, ಕೆಟ್ಟಿದ್ದು ಡಿಸ್ಕ್

ನಿಮ್ಮ ಅಂಗಡಿಯ ಸರ್ವರ್ ನಿಧಾನ ಆಗಿ, ಯಾರಾದರೂ ಬಂದು "ಪ್ರೊಸೆಸರ್ ಸಾಲಲ್ಲ ಸರ್" ಅಂದರೆ ದಯವಿಟ್ಟು ತಕ್ಷಣ ದುಡ್ಡು ಕೊಡಬೇಡಿ. ನಾನು ಕೊಟ್ಟೆ. 38,500 ರೂಪಾಯಿ.

ದಾವಣಗೆರೆಯಲ್ಲಿ ನಮ್ಮದು ಔಷಧಿ ಹೋಲ್‌ಸೇಲ್ ವ್ಯಾಪಾರ. ಬಿಲ್ಲು, ಸ್ಟಾಕು ಎಲ್ಲಾ ಒಂದೇ ಲಿನಕ್ಸ್ ಸರ್ವರ್‌ನಲ್ಲಿದೆ. ಜೂನ್‌ನಿಂದ ಒಂದು ಬಿಲ್ ಸೇವ್ ಮಾಡಿದರೆ ಅರ್ಧ ನಿಮಿಷ ಸ್ಕ್ರೀನ್ ಹಾಗೇ ನಿಲ್ಲುತ್ತಿತ್ತು. ಕೌಂಟರ್ ಮುಂದೆ ಮೆಡಿಕಲ್ ಶಾಪಿನ ಹುಡುಗರ ಸಾಲು, ಒಳಗೆ ನಮ್ಮವರ ಗೊಣಗಾಟ.

ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆ ಒಪ್ಪಂದದ ಮೇಲೆ ಸರ್ವರ್ ನೋಡಿಕೊಳ್ಳುವವರನ್ನು ಕರೆದೆ. ನಾಲ್ಕು ವರ್ಷದಿಂದ ಬರುತ್ತಿರುವವರು. ಸರ್ವರ್ ಏನು ಮಾಡುತ್ತಿದೆ ಅಂತ ತೋರಿಸುವ ಟಾಪ್ ಕಮಾಂಡ್ ಹಾಕಿ, ಸ್ಕ್ರೀನಿನ ಫೋಟೋ ತೆಗೆದು ನನಗೇ ವಾಟ್ಸಾಪ್ ಮಾಡಿದರು. "ಸರ್, ಲೋಡ್ 14 ಇದೆ ನೋಡಿ. ಇರೋದೇ ನಾಲ್ಕು ಕೋರ್. 14 ಜನರ ಕೆಲಸ ನಾಲ್ಕು ಜನ ಮಾಡೋಕಾಗುತ್ತಾ?" (ಲೋಡ್ ಅಂದರೆ ಸರಾಸರಿ ಎಷ್ಟು ಕೆಲಸ ನಡೆಯುತ್ತಾ, ಕಾಯುತ್ತಾ ಇವೆ ಅನ್ನೋ ಅಂಕಿ; ಕೋರ್ ಅಂದರೆ ಪ್ರೊಸೆಸರ್ ಒಳಗೆ ಕೆಲಸ ಮಾಡುವ ಭಾಗ.) ಮಾತು ಸರಿ ಅನ್ನಿಸಿತು, ಒಪ್ಪಿಬಿಟ್ಟೆ. ಹೊಸ ಬೋರ್ಡು, ಹೊಸ ಪ್ರೊಸೆಸರ್. ಡಿಸ್ಕ್ ಬಗ್ಗೆ ನಾನೇ ಕೇಳಿದ್ದೆ. "ಅದು ಚೆನ್ನಾಗಿದೆ ಸರ್, ಸುಮ್ನೆ ಖರ್ಚು ಯಾಕೆ?" ಅಂದರು. ನಾನೇ ಕೇಳಿದ್ದೆ!

ಭಾನುವಾರ ಹಾಕಿದರು. ಸೋಮವಾರ 11 ಗಂಟೆಗೆ ಮತ್ತೆ ಅದೇ ಕಥೆ. ಫೋನ್ ಮಾಡಿದರೆ "ಎರಡು ದಿನ ನೋಡಿ, ಸೆಟ್ ಆಗುತ್ತೆ." ಆಮೇಲೆ "ರ‍್ಯಾಮ್ ಜಾಸ್ತಿ ಮಾಡೋಣ." ಅದಕ್ಕೂ ನಾನು ಒಪ್ಪದೇ ಇದ್ದಾಗ "ನಿಮ್ಮ ಸಾಫ್ಟ್‌ವೇರ್‌ನವರನ್ನು ಕೇಳಿ." ಅದಾದ ಮೇಲೆ ಬರೀ ನೀಲಿ ಟಿಕ್, ಉತ್ತರ ಇಲ್ಲ.

ಗಣೇಶನ ಹಬ್ಬಕ್ಕೆ ತಂಗಿಯ ಮಗ ಬೆಂಗಳೂರಿನಿಂದ ಬಂದಿದ್ದ. ಸರ್ವರ್ ನೋಡಿಕೊಳ್ಳುವುದೇ ಅವನ ಕೆಲಸ. ಆ ಹಳೇ ಫೋಟೋ ತೋರಿಸಿದೆ. ನೋಡಿದವನೇ, "ಮಾವ, ಇಲ್ಲೇ ಬರೆದಿದೆಯಲ್ಲಾ" ಅಂದ.

ಬರೆದಿತ್ತು. ಲೋಡ್ 14 ಇದ್ದ ಅದೇ ಫೋಟೋದಲ್ಲಿ, ಎರಡು ಸಾಲು ಕೆಳಗೆ. ಪ್ರೊಸೆಸರ್ ಸಮಯ ನೂರರಲ್ಲಿ ಹೇಗೆ ಹಂಚಿದೆ ಅಂತ: ಯುಎಸ್ (ಪ್ರೋಗ್ರಾಂಗಳ ಕೆಲಸ) 6, ಎಸ್‌ವೈ (ಲಿನಕ್ಸ್‌ನ ಸ್ವಂತ ಕೆಲಸ) 3, ಐಡಿ (ಸುಮ್ಮನೆ ಖಾಲಿ) 29, ಡಬ್ಲ್ಯುಎ 62. ಡಬ್ಲ್ಯುಎ ಅಂದರೆ ವೇಟ್: ಪ್ರೊಸೆಸರ್ ಕೈ ಖಾಲಿ ಇಟ್ಟುಕೊಂಡು ಡಿಸ್ಕ್‌ನಿಂದ ಉತ್ತರ ಬರಲಿ ಅಂತ ಕಾಯುವ ಸಮಯ. ನಮ್ಮ ಪ್ರೊಸೆಸರ್ ನಿಜವಾಗಿ ದುಡಿಯುತ್ತಿದ್ದದ್ದು ನೂರರಲ್ಲಿ ಒಂಬತ್ತೇ ಪಾಲು. ಲಿನಕ್ಸ್‌ನಲ್ಲಿ ಡಿಸ್ಕ್‌ಗಾಗಿ ಸಿಕ್ಕಿಹಾಕಿಕೊಂಡ ಕೆಲಸಗಳೂ ಲೋಡ್ ಲೆಕ್ಕಕ್ಕೆ ಸೇರುತ್ತವಂತೆ, 14 ಬಂದದ್ದು ಹಾಗೆ. ಮೂರು ತಿಂಗಳು ಆ ಫೋಟೋ ನನ್ನ ಫೋನಲ್ಲೇ ಇತ್ತು. ಅದನ್ನು ಯೋಚಿಸಿದರೆ ಈಗಲೂ ಮೈ ಉರಿಯುತ್ತದೆ, ನಾಚಿಕೆಯೂ ಆಗುತ್ತದೆ.

ಅವನು ಡಿಸ್ಕ್ ಎಷ್ಟು ಬೇಗ ಉತ್ತರ ಕೊಡುತ್ತದೆ ಅಂತ ತೋರಿಸುವ ಐಒಸ್ಟ್ಯಾಟ್ ಕಮಾಂಡ್ ಹಾಕಿದ. ಒಂದೊಂದು ಓದಿಗೆ 400 ಮಿಲಿಸೆಕೆಂಡ್ ಮೇಲೆ. ಸರಿಯಿರುವ ಹಾರ್ಡ್ ಡಿಸ್ಕ್‌ಗೆ 10-20 ಸಾಕು ಅಂದ. ಆಮೇಲೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ರಿಪೋರ್ಟ್ ತೋರಿಸುವ ಸ್ಮಾರ್ಟ್‌ಸಿಟಿಎಲ್: ಓದಲಾಗದೆ ಬಾಕಿ ಉಳಿದ ಸೆಕ್ಟರ್ (ಡಿಸ್ಕ್‌ನ ಸಣ್ಣ ಸಣ್ಣ ತುಂಡು) 212, ಓಡಿದ್ದು 48,000 ಗಂಟೆ ಮೇಲೆ. ಐದೂವರೆ ವರ್ಷ ಬಿಡುವಿಲ್ಲದೆ ತಿರುಗಿದ ಡಿಸ್ಕ್. ನಮ್ಮ ಅಷ್ಟೂ ವರ್ಷದ ಲೆಕ್ಕ ಅದರ ಮೇಲಿತ್ತು, ಅದನ್ನೇ "ಚೆನ್ನಾಗಿದೆ" ಅಂದಿದ್ದರು. ದುಡ್ಡಿಗಿಂತ ಜಾಸ್ತಿ ಸಿಟ್ಟು ಬಂದದ್ದು ಇದಕ್ಕೆ. ಅವತ್ತು ರಾತ್ರಿಯೇ 6,200 ರೂಪಾಯಿಯ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ತಂದು ಎಲ್ಲಾ ನಕಲು ಮಾಡಿದೆವು. ಎರಡು ಫೈಲು ಬರಲೇ ಇಲ್ಲ, ಹಳೇ ಬ್ಯಾಕಪ್‌ನಿಂದ ತೆಗೆದೆವು. ಈಗ ಡಬ್ಲ್ಯುಎ 1 ದಾಟುತ್ತಿಲ್ಲ.

ಎಎಂಸಿಯವರಿಗೆ ಮತ್ತೆ ಫೋನ್ ಮಾಡಿದೆ. "ಲೋಡ್ ಜಾಸ್ತಿ ಇತ್ತಲ್ವಾ ಸರ್, ಅದಕ್ಕೆ ಹೇಳಿದ್ದು." ಡಿಸ್ಕ್ ಯಾಕೆ ನೋಡಲಿಲ್ಲ? "ಡಿಸ್ಕ್ ಯಾವಾಗ ಹೋಗುತ್ತೆ ಅಂತ ಯಾರಿಗೆ ಗೊತ್ತಾಗುತ್ತೆ ಸರ್?" ಅದೇ ಡಿಸ್ಕ್ 212 ಅಂತ ಹೇಳುತ್ತಿತ್ತು! "ಹಾಕಿದ ಬೋರ್ಡ್ ವಾಪಸ್ ತಗೊಳ್ಳೋಕೆ ಬರಲ್ಲ."

ಲೋಡ್ ಒಂದನ್ನೇ ತೋರಿಸುವವರನ್ನು ನಂಬಬೇಡಿ. ಡಬ್ಲ್ಯುಎ ಎಷ್ಟು ಅಂತ ಕೇಳಿ, ಡಿಸ್ಕ್‌ನ ಸ್ಮಾರ್ಟ್ ರಿಪೋರ್ಟ್ ಕೇಳಿ, ಕೊಡದಿದ್ದರೆ ಕಳಿಸಿಬಿಡಿ. ಬಾಡಿಗೆ ಕ್ಲೌಡ್ ಸರ್ವರ್ ಆಗಿದ್ದರೆ ಎಸ್‌ಟಿ ಅನ್ನೋ ಅಂಕಿಯನ್ನೂ ನೋಡಿ. ಅದು ಜಾಸ್ತಿ ಇದ್ದರೆ ನಿಮ್ಮ ಪಾಲಿನ ಪ್ರೊಸೆಸರ್ ಸಮಯ ಬೇರೆಯವರಿಗೆ ಹೋಗುತ್ತಿದೆ ಅಂತ.

ನಿನ್ನೆ ಎಎಂಸಿ ರಿನ್ಯೂವಲ್ ಬಿಲ್ ಕಳಿಸಿದ್ದಾರೆ. ಅವರದೇ ಫೋಟೋದಲ್ಲಿ 62ರ ಸುತ್ತ ಕೆಂಪು ಗೆರೆ ಎಳೆದು ವಾಪಸ್ ಕಳಿಸಿದೆ. ಉತ್ತರ ಬಂದಿಲ್ಲ.