ಹುಬ್ಬಳ್ಳಿ-ಧಾರವಾಡ ಚಿಗರಿ ಬಸ್ಸು: ದಿನಾ ಅಡ್ಡಾಡಾವ್ರ ಕಡಿಂದ ಒಂದು ರಿವ್ಯೂ

ಚಿಗರಿ ಬಸ್ಸಿನ ಬಗ್ಗೆ ಕಾರಿನ್ಯಾಗ ಅಡ್ಡಾಡಾವ್ರು ಬರದದ್ದು ಭಾಳ ಓದೇನಿ, ಬಸ್ಸಿನ್ಯಾಗ ನಿಂತು ಹೋಗಾವ್ರು ಬರದದ್ದು ಕಡಿಮಿ. ನಾನು ಧಾರವಾಡದಾಂವ, ನೌಕ್ರಿ ಹುಬ್ಬಳ್ಳಿ ವಿದ್ಯಾನಗರದಾಗ, ಬೈಕ್ ಮನ್ಯಾಗ ಬಿಟ್ಟು ವರ್ಷಗಟ್ಲೆ ಇದರಾಗ ಅಡ್ಡಾಡೇನಿ, ಹಿಂಗಾಗಿ ಒಂದೀಟು ಉದ್ದ ಆದ್ರೂ ಚಿಂತಿಲ್ಲ ಪೂರ್ತಿ ಬರಿಯೂಣು ಅಂತ ಕುಂತೇನಿ. ಮಾರ್ಕ್ಸ್ ಮೊದಲ ಹೇಳಿಬಿಡ್ತೀನಿ, ಐದಕ್ಕ ನಾಕು. ಆ ಒಂದು ಮಾರ್ಕ್ ಎಲ್ಲಿ ಹೋತು ಅನ್ನೂದನ್ನೂ ಹೇಳ್ತೀನಿ, ಅದರಾಗ ಬಸ್ಸಿನ ತಪ್ಪು ಕಡಿಮಿ, ಪ್ಲಾನಿಂಗ್ ಅರ್ಧಕ್ಕ ನಿಂತದ್ದ ಹೆಚ್ಚು.

ಹೊರಗಿನವ್ರಿಗೆ ಸಣ್ಣಗ ಹೇಳಬೇಕಂದ್ರ, ಹುಬ್ಬಳ್ಳಿ ಧಾರವಾಡ ಹೆಸರಿಗೆ ಎರಡು ಊರು ಖರೆ ಆದ್ರ 1962ರಿಂದ ಮಹಾನಗರ ಪಾಲಿಕೆ ಒಂದ. ನಡುವ 20 ಕಿಲೋಮೀಟರ್ ಹತ್ರ ದೂರ, ಮನಿ ಒಂದು ಊರಾಗ ಇದ್ರ ಕಾಲೇಜು, ಆಫೀಸು, ದವಾಖಾನಿ ಇನ್ನೊಂದು ಊರಾಗ, ದಿನಾ ಮುಂಜಾನೆ ಎರಡೂ ಕಡಿಂದ ಮಂದಿ ಹೊಂಡತಾರ. 2011ರ ಜನಗಣತಿ ಹೊತ್ತಿಗೇನ ಪಾಲಿಕೆ ಒಳಗ 9.4 ಲಕ್ಷ ಜನ ಇದ್ರು, ಆಮ್ಯಾಲೆ ನವನಗರ, ರಾಯಾಪುರ, ಸತ್ತೂರು ಅಂತ ನಡುವಿನ ಹೊಲಾ ಎಲ್ಲಾ ಲೇಔಟ್ ಆಗಿ ಎರಡು ಊರು ಕೂಡಿಕೊಂಡ ಹಂಗಾತು. ಬರೇ ರೋಡ್ ಅಗಲ ಮಾಡಿದ್ರ ಸಾಕಾಗಂಗಿಲ್ಲ, ಮಂದೀನ ಒಯ್ಯೂದಕ್ಕ ಒಂದು ವ್ಯವಸ್ಥಾ ಬೇಕು ಅಂತ ವಿಚಾರ ಮಾಡಿ, ಸುಸ್ಥಿರ ನಗರ ಸಾರಿಗೆ ಯೋಜನೆ ಒಳಗ ವರ್ಲ್ಡ್ ಬ್ಯಾಂಕ್ ನೆರವೂ ತಗೊಂಡು, ಸುಮಾರು 970 ಕೋಟಿ ಖರ್ಚಿನ್ಯಾಗ 22 ಕಿಲೋಮೀಟರ್ ಬಿಆರ್‌ಟಿಎಸ್, ಅಂದ್ರ ಬಸ್ಸು ಜಲ್ದಿ ಹೋಗಲಿ ಅಂತ ಅದಕ್ಕಂತನ ಬ್ಯಾರೆ ದಾರಿ ಇರೂ ವ್ಯವಸ್ಥಾ, ಕಟ್ಟಿದ್ರು. ಇದರಾಗ ಓಡೂ ಬಸ್ಸಿಗೇನ ಚಿಗರಿ ಅನ್ನೂದು. 2018ರ ಅಕ್ಟೋಬರ್‌ದಾಗ ಟ್ರಯಲ್ ಅಂತ ಬಸ್ ಬಿಟ್ರು, 2020ರ ಫೆಬ್ರವರಿ 2ಕ್ಕ ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರು ಬಂದು ಉದ್ಘಾಟನಾ ಮಾಡಿದ್ರು. ಓಡಸೂದು ವಾಯವ್ಯ ಸಾರಿಗೆಯವ್ರು, ಗಾಡಿ ವೋಲ್ವೋ ಎಸಿ.

ನನಗ ಎಲ್ಲಾಕಿಂತ ಮನಸ್ಸಿಗೆ ಬಂದದ್ದು ಬಸ್ ಹತ್ತೂ ರೀತಿ. ಸ್ಟೇಷನ್ ರೋಡಿನ ನಟ್ಟನಡುವ ಇರ್ತೈತಿ, ಟಿಕೇಟು ಒಳಗ ಹೋಗೂಮುಂದನ ತಗೋಬೇಕು, ಬಸ್ಸಿನ್ಯಾಗ ಕಂಡಕ್ಟರ್ ಇಲ್ಲ, ಚಿಲ್ಲರಿ ತಕರಾರೂ ಇಲ್ಲ. ಪ್ಲಾಟ್‌ಫಾರ್ಮ್ ಎಷ್ಟು ಎತ್ತರ ಐತೋ ಬಸ್ಸಿನ ನೆಲಾನೂ ಅಷ್ಟ ಎತ್ತರ, ಡ್ರೈವರ್ ಗಾಡೀನ ಪ್ಲಾಟ್‌ಫಾರ್ಮಿನ ಅಂಚಿಗೆ ತಂದು ಹಚ್ಚತಾರ, ಬಲಗಡೆ ಬಾಗಲಾ ತಗೀತೈತಿ, ಮನ್ಯಾಗ ಒಂದು ಖೋಲಿಯಿಂದ ಇನ್ನೊಂದು ಖೋಲಿಗೆ ಹ್ವಾದಂಗ ಒಳಗ ಹೋಗೂದು. ಎಸ್‌ಡಿಎಂ ದವಾಖಾನಿ ಸ್ಟಾಪಿನ್ಯಾಗ ಒಮ್ಮೆ ಒಬ್ಬಾಕಿ ಅಜ್ಜಿ, ಮೊಣಕಾಲಿಗೆ ಪಟ್ಟಿ ಸುತ್ತಿತ್ತು, ಕೈಯಾಗ ದವಾಖಾನಿ ಫೈಲು, ಒಂದು ಕೈ ಮೊಮ್ಮಗಳ ಹೆಗಲ ಮ್ಯಾಲೆ, ಬಸ್ ಬಂದ ಕೂಡ್ಲೆ ರೂಢಿ ಪ್ರಕಾರ ಸೀರಿ ನಿರಿಗಿ ಎತ್ತಿ ಹಿಡದು ಕಾಲ್ ಮ್ಯಾಲೆತ್ತಾಕ ಹೋದ್ಲು. "ಯಮ್ಮಾ, ಅವಸರ ಮಾಡಬ್ಯಾಡ್ರಿ, ಸೀದಾ ನಡೀರಿ" ಅಂತ ಅಲ್ಲಿದ್ದ ಸಿಬ್ಬಂದಿ ಹೇಳಿದ್ರು. ಆಕಿ ಎರಡು ಹೆಜ್ಜಿ ಇಟ್ಟು ಒಳಗ ಬಂದು, "ಇದರಾಗ ಏರೂದ ಇಲ್ಲಲ್ಲೋ ಯಪ್ಪಾ" ಅಂದ್ಲು. ಸಾದಾ ಬಸ್ಸಿನ ಮೂರು ಮೆಟ್ಲು ವಯಸ್ಸಾದವ್ರಿಗೆ ಎಷ್ಟು ತ್ರಾಸು ಅನ್ನೂದು ಗಟ್ಟಿ ಕಾಲು ಇದ್ದವ್ರಿಗೆ ತಿಳಿಯಂಗಿಲ್ಲ. ಸಾರಿಗೆ ಅಂದ್ರ ಇಷ್ಟು ಸಣ್ಣದೂ ಲೆಕ್ಕಕ್ಕ ಬರಬೇಕು, ಇಲ್ಲಿ ಬಂದೈತಿ.

ಎರಡನೇದು ಲೇನು. ನಡುವ ಬಸ್ಸಿಗಂತನ ಬ್ಯಾರೆ ದಾರಿ, ಅದರಾಗೂ ಸ್ಟೇಷನ್ ಹತ್ರ ಹಿಂದಿನ ಬಸ್ಸು ಮುಂದಿನದನ್ನ ದಾಟಿ ಹೋಗೂದಕ್ಕ ಜಾಗ ಬಿಟ್ಟಾರ. ಇದು ಸಣ್ಣ ಮಾತಲ್ರಿ. ದೇಶದಾಗ ಎಷ್ಟೋ ಕಡೆ ಬಸ್ ಲೇನ್ ಒಂದ ಸಾಲಿಂದು, ಮುಂದಿನ ಬಸ್ಸು ನಿಂತ್ರ ಹಿಂದಿನದೂ ನಿಂದರಬೇಕು. ಇಲ್ಲಿ ನವನಗರದಾಗ ಎಲ್ಲಾ ಕಡೆ ನಿಲ್ಲೂ ಬಸ್ಸು ಮಂದಿ ಹತ್ತಿಸಿಕೊಳ್ಳಾಕತ್ತಿದ್ರ ಬಾಜೂ ಎಕ್ಸ್‌ಪ್ರೆಸ್ಸು ಸುಯ್ ಅಂತ ಹೋಗಿಬಿಡತೈತಿ. ಅದಕ್ಕ ಒಂದ ದಾರಿಯೊಳಗ ಎರಡು ಥರ ಸರ್ವಿಸು ಸಾಧ್ಯ ಆಗೇತಿ, ದೂರ ಹೋಗಾವ್ರಿಗೆ ಒಂದು, ನಡುವ ಇಳಿಯಾವ್ರಿಗೆ ಒಂದು. ಸಂಜಿಮುಂದ ಉಣಕಲ್ ಕೆರಿ ಹತ್ರ ಬಾಜೂ ರೋಡಿನ್ಯಾಗ ಕಾರು, ಟಂಟಂ, ಬೈಕ್ ಒಂದಕ್ಕೊಂದು ಹತ್ತಿ ನಿಂತಿರ್ತಾವ, ನಮ್ಮ ಬಸ್ಸು ನಡುವ ಒಂದ ಸ್ಪೀಡಿನ್ಯಾಗ ಹೊಂಟಿರ್ತೈತಿ. ಇಡೀ ಊರು ದಾಟಾಕ ಎಕ್ಸ್‌ಪ್ರೆಸ್ಸಿನ್ಯಾಗ ಮುಕ್ಕಾಲು ತಾಸು ಹಿಡಿಯೂದು, ಎಲ್ಲಾ ಕಡೆ ನಿಲ್ಲೂದಾದ್ರ ಇನ್ನೊಂದೀಟು ಹೆಚ್ಚು. ಮುಖ್ಯ ಏನಂದ್ರ ದಿನಾ ಹೆಚ್ಚುಕಡಿಮಿ ಅಷ್ಟ ಹೊತ್ತು, ಆಫೀಸಿಗೆ ಹೋಗಾವ್ರಿಗೆ ಅದ ಬೇಕಾಗಿರೂದು.

ಈಗ ತಕರಾರು. ಲೇನು ಎಲ್ಲಿ ಭಾಳ ಬೇಕೋ ಅಲ್ಲೇ ಇಲ್ಲ. ಹೊಸೂರು ದಾಟಿ ಹುಬ್ಬಳ್ಳಿ ಪ್ಯಾಟಿ ಒಳಗ ರೈಲ್ವೆ ಸ್ಟೇಷನ್ ಕಡೆ ಹೋಗೂಮುಂದ, ಮತ್ತ ಈ ಕಡೆ ಧಾರವಾಡ ಜುಬಿಲಿ ಸರ್ಕಲ್ ದಾಟಿದ ಮ್ಯಾಲೆ, ಚಿಗರಿನೂ ಎಲ್ಲಾ ಗಾಡಿಗಳ ಸಾಲಿನ್ಯಾಗನ ಹೋಗಬೇಕು. ಇಕ್ಕಟ್ಟಿನ ಪ್ಯಾಟಿ ರೋಡು, ಜಾಗ ಇಲ್ಲ ಅಂತಾರ, ಖರೆ. ಆದ್ರ ಜಾಗ ಕಡಿಮಿ ಇದ್ದಲ್ಲೇನ ಬಸ್ಸಿಗೆ ಮೊದಲ ಪಾಳಿ ಸಿಗಬೇಕಲ್ರಿ, ಅಗಲ ರೋಡಿನ್ಯಾಗ ಬಸ್ಸು ಹ್ಯಾಂಗರ ಹೋಗ್ತೈತಿ. ಪ್ಯಾಟಿ ಒಳಗ ಕೆಲವು ತಾಸು ಕಾರ್ ಪಾರ್ಕಿಂಗ್ ಬಂದ್ ಮಾಡೂದು, ಸಿಗ್ನಲ್‌ದಾಗ ಬಸ್ಸಿಗೆ ಮೊದಲ ಹಸರು ಬಿಡೂದು, ಇಂಥಾ ಕೆಲಸಕ್ಕ ಕಾಂಕ್ರೀಟ್ ಬೇಕಾಗಿಲ್ಲ, ಮನಸ್ಸು ಬೇಕು. ಮಳಿಗಾಲದಾಗ ಧಾರವಾಡ ಟೋಲ್ ನಾಕಾ ಹತ್ರ ನೀರು ನಿಲ್ಲೂದಂತೂ ಪೇಪರ್‌ದಾಗ ಎಷ್ಟು ಸಲ ಬಂದೈತೋ, ಇಷ್ಟು ದೊಡ್ಡ ರೋಡ್ ಕಟ್ಟೂಮುಂದ ಮಳಿನೀರಿನ ದಾರಿ ಮೊದಲ ನೋಡಬೇಕಿತ್ತು.

ಇನ್ನೊಂದು, ಸ್ಟೇಷನ್ ನಡುವ ಇರೂದ್ರಿಂದ ಅರ್ಧ ರೋಡು ದಾಟಬೇಕು. ಗಟ್ಟಿಮುಟ್ಟಾದವ್ರಿಗೆ ಏನಿಲ್ಲ, ಆ ಅಜ್ಜಿಯಂಥಾವ್ರಿಗೆ ಬಸ್ ಹತ್ತೂದು ಹಗುರ ಆಗೇತಿ, ಬಸ್ಸಿನ ತನಕ ಬರೂದು ಇನ್ನೂ ಹಗುರ ಆಗಿಲ್ಲ. ಝೀಬ್ರಾ ಪಟ್ಟಿ ಮ್ಯಾಲೆ ಮಂದಿ ಇದ್ರೂ ಬೈಕಿನವ್ರು ನಿಲ್ಲಂಗಿಲ್ಲ. ಇದಕ್ಕ ಬಸ್ಸಿನವ್ರನ್ನ ಬೈದು ಉಪಯೋಗ ಇಲ್ಲ, ಆದ್ರ ಸಾರಿಗೆ ಪ್ಲಾನ್ ಅನ್ನೂದು ಮನಿ ಬಾಗಲದಿಂದ ಶುರು ಆಗ್ತೈತಿ, ಸ್ಟೇಷನ್ ಗೇಟಿನಿಂದ ಅಲ್ಲ.

ರೊಕ್ಕದ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಸಾದಾ ಸರ್ಕಾರಿ ಬಸ್ಸು ಫ್ರೀ, ಎಸಿ ಬಸ್ಸಿಗೆ ಅದು ಹೊಂದಂಗಿಲ್ಲ, ಹಿಂಗಾಗಿ ಚಿಗರಿಗೂ ಇಲ್ಲ. ನಮ್ಮ ಆಫೀಸಿನ ಹೆಣ್ಣುಮಕ್ಕಳು ಬಾಜೂ ರೋಡಿನ್ಯಾಗ ಹೋಗೂ ಸಾದಾ ಬಸ್ಸಿಗೆ ನಿಂದರತಾರ, ಗದ್ದಲ ಇದ್ರೂ ಅದ ಹತ್ತತಾರ, ತಿಂಗಳಾ ಉಳಿಯೂ ರೊಕ್ಕ ಸಣ್ಣದಲ್ಲ, ಅವರು ಮಾಡೂದು ಸರಿನ ಐತಿ. ಆದ್ರ ನೋಡ್ರಿ, ಊರಿನ ಅತೀ ಛಲೋ ಬಸ್ ದಾರಿ ಒಳಗ ಊರಿನ ಅರ್ಧ ಮಂದಿ ರೊಕ್ಕ ಕೊಟ್ಟು ಹೋಗಬೇಕು, ಗದ್ದಲದ ರೋಡಿನ್ಯಾಗ ಫ್ರೀ ಹೋಗಬೇಕು. ಆ ಲೇನಿನ್ಯಾಗ ಎಸಿ ಇಲ್ಲದ ಬಸ್ಸೂ ಬಿಡಬಹುದಲ್ಲ ಅಂತ ನನ್ನ ವಿಚಾರ. ಪ್ಲಾಟ್‌ಫಾರ್ಮಿನ ಎತ್ತರಕ್ಕ ಹೊಂದೂ ಗಾಡಿ ಇರಬೇಕು ಅಷ್ಟ, ತಂಪು ಇರದಿದ್ರ ಯಾರೂ ತಕರಾರು ಮಾಡಂಗಿಲ್ಲ, ನಮ್ಮ ಧಾರವಾಡದ ಹವಾಕ್ಕ ವರ್ಷದಾಗ ಭಾಳಷ್ಟು ದಿನ ಕಿಡಕಿ ಗಾಳಿ ಸಾಕು.

ಈಗ ನನ್ನ ಮುಖ್ಯ ಮಾತು. "ಲೇನು ಖಾಲಿ ಬಿದ್ದಿರ್ತೈತಿ, ಎಲ್ಲಾ ಗಾಡಿಗೂ ಬಿಟ್ಟುಬಿಡ್ರಿ" ಅನ್ನಾವ್ರು ಹೆಚ್ಚಾಗ್ಯಾರ. ದಯಮಾಡಿ ಈ ಮಾತು ಕೇಳಬ್ಯಾಡ್ರಿ. ಖಾಲಿ ಕಾಣೂದ ಅದರ ಕೆಲಸ. ಒಂದು ಬಸ್ಸು ಹೋಗಿ ಇನ್ನೊಂದು ಬರೂತನಕ ಖಾಲಿ ಇದ್ರನ ಬಸ್ಸು ತಡಿ ಇಲ್ಲದ ಓಡತೈತಿ. ತುಂಬಿದ ಒಂದು ಚಿಗರಿಯೊಳಗ ನಿಂತವ್ರು ಕುಂತವ್ರು ಸೇರಿ ಎಷ್ಟು ಮಂದಿ ಇರ್ತಾರ, ಅಷ್ಟೂ ಮಂದಿ ಒಬ್ಬೊಬ್ರ ಕಾರು ತಗೊಂಡು ಬಂದ್ರ ಎಷ್ಟು ಉದ್ದನ ಸಾಲು ನಿಂದರತೈತಿ ವಿಚಾರ ಮಾಡ್ರಿ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೊಳಗನ ಬರದಾರ, ರೋಡಿನ ಜಾಗ ಹಂಚೂಮುಂದ ಗಾಡಿ ಲೆಕ್ಕ ಅಲ್ಲ ಮಂದಿ ಲೆಕ್ಕ ಹಿಡೀಬೇಕು ಅಂತ. ದಿಲ್ಲಿಯೊಳಗ ಅಂಬೇಡ್ಕರ್ ನಗರದಿಂದ ಮೂಲಚಂದ್ ತನಕ 5.8 ಕಿಲೋಮೀಟರ್ ಬಿಆರ್‌ಟಿ 2008ರಾಗ ಶುರು ಮಾಡಿ, ಕಾರಿನವ್ರ ಸಿಟ್ಟಿಗೆ 2016ರ ಹೊತ್ತಿಗೆ ಕಿತ್ತು ಹಾಕಿದ್ರು, ಅಲ್ಲಿ ಟ್ರಾಫಿಕ್ ಅದರಿಂದ ಕಡಿಮಿ ಆಗಿ ದಿಲ್ಲಿ ಆರಾಮ ಆತು ಅಂತ ಯಾರರ ಹೇಳ್ತಾರೇನ್ರಿ? ಅತ್ತ ಅಹ್ಮದಾಬಾದ್‌ನವ್ರು 2009ರಾಗ ಜನಮಾರ್ಗ ಚಾಲೂ ಮಾಡಿ ಒಂದ ದಾರಿಗೆ ನಿಲ್ಲಿಸಲಿಲ್ಲ, ಒಂದರಿಂದ ಒಂದು ಜೋಡಿಸಿಕೋತ ಊರ ತುಂಬ ಒಯ್ದ್ರು. ನಮ್ಮದು ಇನ್ನೂ ಆ 22 ಕಿಲೋಮೀಟರ್ ಒಂದ ಗೆರಿ.

ಊರು ಮಾತ್ರ ಆ ಗೆರಿ ಬಿಟ್ಟು ಬೆಳಿಯಾಕತ್ತೈತಿ. ಐಐಟಿ ಚಿಕ್ಕಮಲ್ಲಿಗವಾಡದ ಕಡೆ, 2023ರ ಮಾರ್ಚ್ 12ಕ್ಕ ಉದ್ಘಾಟನಾ ಆತು. ಐಐಐಟಿ ತಡಸಿನಕೊಪ್ಪದ ಕಡೆ. ಹೈಕೋರ್ಟ್ ಪೀಠ ಧಾರವಾಡ ದಾಟಿ ಬೇಲೂರ ಇಂಡಸ್ಟ್ರಿಯಲ್ ಏರಿಯಾ ಹತ್ರ, ಏರ್‌ಪೋರ್ಟ್ ಹುಬ್ಬಳ್ಳಿ ಗೋಕುಲ ರೋಡ್ ಕಡೆ. ಇದರಾಗ ಒಂದೂ ಚಿಗರಿ ದಾರಿ ಮ್ಯಾಲಿಲ್ಲ. ಎಲ್ಲಿ ಸಾವಿರಾರು ಮಂದಿ ಬಂದು ಹೋಗೂ ಕಟ್ಟಡ ಬರತೈತೋ ಅದನ್ನ ಬಸ್ ದಾರಿ ಹತ್ರ ತರಬೇಕಿತ್ತು, ಇಲ್ಲಾ ಬಸ್ ದಾರೀನ ಅಲ್ಲಿಗೆ ಒಯ್ಯಬೇಕಿತ್ತು. ಭೂಮಿ ನಿರ್ಧಾರ ಮಾಡಾವ್ರು ಬ್ಯಾರೆ, ಬಸ್ ನಿರ್ಧಾರ ಮಾಡಾವ್ರು ಬ್ಯಾರೆ ಆದ್ರ ಹಿಂಗ ಆಗೂದು. ಈಗರ ಸಣ್ಣ ಫೀಡರ್ ಬಸ್ಸು ಬೇಕು, ಕಾಲು ತಾಸಿಗೊಂದು, ಒಂದ ಟಿಕೇಟಿನ್ಯಾಗ ಚಿಗರಿಗೂ ಹತ್ತೂ ಹಂಗ. ಸ್ಟೇಷನ್‌ದಾಗ ಇಳದ ಮ್ಯಾಲೆ ಆಟೋಕ್ಕ ಬಸ್ಸಿಗಿಂತ ಹೆಚ್ಚು ಕೊಡೂದು ಬಂದ್ರ ಮಂದಿ ಮರುದಿನ ಬೈಕ್ ತಗೀತಾರ, ಅದನ್ನ ತಪ್ಪು ಅನ್ನಾಕ ಬರಂಗಿಲ್ಲ.

ಬಸ್ಸುಗಳ ವಯಸ್ಸಿನದೂ ಒಂದು ಚಿಂತಿ. 2018ರಾಗ ಓಡಾಕ ಹತ್ತಿದ ಗಾಡಿ ಇವು, ದಿನಾ ಮುಂಜಾನಿಂದ ರಾತ್ರಿ ತನಕ ದುಡೀತಾವ. ಇವುಗಳ ಬದಲಿ ಕರೆಂಟಿನ ಮ್ಯಾಲೆ ಓಡೂ ಉದ್ದನ ಗಾಡಿ ತರೂ ಮಾತು ನಡದಾವ, ಬರಲಿ, ಡೀಸೆಲ್ ಉಳಿದ್ರ, ಹೊಗಿ ಕಡಿಮಿ ಆದ್ರ ಯಾರಿಗೆ ಬ್ಯಾಡ. ಆದ್ರ ಹೊಸಾ ಗಾಡಿ ಬರೂತನಕ ಹಳೇವನ್ನ ಹಂಗ ಸವಸೂದು ಬ್ಯಾಡ. ಒಂದೊಂದ ಬಸ್ಸು ಕಡಿಮಿ ಆದಂಗ ಕಾಯೂ ಹೊತ್ತು ಬೆಳೀತೈತಿ, ಕಾಯೂ ಹೊತ್ತು ಬೆಳೆದಂಗ ಮಂದಿ ಬಿಡತಾರ, ಮಂದಿ ಬಿಟ್ರ ಲೇನು ಖಾಲಿ ಐತಿ ಅನ್ನಾವ್ರ ಮಾತಿಗೆ ಜೋರು ಬರತೈತಿ. ಟಿಕೇಟಿನ ರೊಕ್ಕದಾಗನ ಇದೆಲ್ಲಾ ನಡೀಬೇಕು ಅನ್ನೂದೂ ಸರಿಯಲ್ಲ, ಫ್ಲೈಓವರ್ ಮ್ಯಾಲೆ ಹೋಗೂ ಕಾರಿನಿಂದ ಯಾರೂ ಲಾಭ ಕೇಳಂಗಿಲ್ಲ, ಬಸ್ಸಿಗೆ ಮಾತ್ರ ನಷ್ಟದ ಲೆಕ್ಕ ಯಾಕ ಹೇಳ್ರಿ.

ಹೊಸದಾಗಿ ಬರಾವ್ರಿಗೆ ಎರಡು ಮಾತು. ಹುಬ್ಬಳ್ಳಿ ರೈಲ್ವೆ ಸ್ಟೇಷನ್‌ದಾಗ ರೈಲು ಇಳದು ಧಾರವಾಡಕ್ಕ ಹೋಗೂದಿದ್ರ ಆಟೋದವ್ರ ಜೋಡಿ ಮಾತಾಡೂಕಿಂತ ಮೊದಲ ಚಿಗರಿ ಸ್ಟಾಪಿಗೆ ಹೋಗ್ರಿ. ಬೋರ್ಡ್ ನೋಡಿ ಎಕ್ಸ್‌ಪ್ರೆಸ್ಸೋ ಎಲ್ಲಾ ಕಡೆ ನಿಲ್ಲೂದೋ ಕೇಳಿ ಹತ್ರಿ, ಸತ್ತೂರಿಗೋ ನವಲೂರಿಗೋ ಇಳಿಯಾವ್ರು ಎಕ್ಸ್‌ಪ್ರೆಸ್ ಹತ್ತಿದ್ರ ಮುಂದ ಹೋಗಿಬಿಡ್ತೀರಿ. ಟಿಕೇಟು ಇಳಿಯೂತನಕ ಒಗೀಬ್ಯಾಡ್ರಿ. ಮುಂಜಾನೆ ಕಾಲೇಜಿನ ಹೊತ್ತಿನ್ಯಾಗ ಕೂಡಾಕ ಜಾಗ ಸಿಗೂದು ಕಷ್ಟ, ಹಿರಿಯಾರನ್ನ ಕರಕೊಂಡು ಹೋಗೂದಿದ್ರ ಹನ್ನೊಂದರ ಮ್ಯಾಲೆ ಹೊಂಡ್ರಿ, ಆವಾಗ ಆರಾಮ ಐತಿ.