ಬಿಚ್ಚಿ ತೋರಿಸಿ, ಆಮೇಲೆ ದರ ಹೇಳುವ ಗೇರ್‌ಬಾಕ್ಸ್ ವರ್ಕ್‌ಶಾಪ್

ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ ಇದ್ದು ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿ ಇಟ್ಟುಕೊಂಡವರು ಗೇರ್‌ಬಾಕ್ಸ್ ರೀಬಿಲ್ಡ್‌ಗೆ (ಬಿಚ್ಚಿ, ಸವೆದದ್ದನ್ನು ಬದಲಿಸಿ ಮತ್ತೆ ಜೋಡಿಸುವುದಕ್ಕೆ) ದುಡ್ಡು ಸುರಿಯುವ ಮೊದಲು ಇಲ್ಲಿ ತಪಾಸಣೆ ಮಾಡಿಸಿ. ಕಾವೆಂಟ್ರಿಯ ಹೊರವಲಯದಲ್ಲಿ ಅಪ್ಪ ಮಗ ಸೇರಿ ನಡೆಸುವ ಸಣ್ಣ ವರ್ಕ್‌ಶಾಪ್ ಇದು. ತಪಾಸಣೆಗೆ ಬೇರೆ ದರ, ರೀಬಿಲ್ಡ್‌ಗೆ ಬೇರೆ ದರ. ತಪಾಸಣೆ ಮಾಡಿಸಿಕೊಂಡು ಬಾಕ್ಸ್ ವಾಪಸ್ ಒಯ್ದರೂ ಮುಖ ಸಿಂಡರಿಸುವುದಿಲ್ಲ. ನನಗೆ ಬೇಕಿದ್ದದ್ದೂ ಅಷ್ಟೇ.

ನನ್ನದು 1971ರ ರೋಡ್‌ಸ್ಟರ್ (ತೆರೆದ ಮೇಲ್ಭಾಗದ ಮಾದರಿ), ಓವರ್‌ಡ್ರೈವ್ ಇರುವ ಗಾಡಿ; ವೇಗದಲ್ಲಿ ಹೋಗುವಾಗ ಎಂಜಿನ್ ಸುತ್ತು ತಗ್ಗಿಸಲು ಗೇರ್‌ಬಾಕ್ಸಿನ ಹಿಂಬದಿಗೆ ಸೇರಿಸಿದ ಘಟಕ ಅದು. ಮೂರನೇ ಗೇರಿನಲ್ಲಿ ಗುರ್ ಎನ್ನುವ ಸದ್ದು ಹಿಂದಿನ ಚಳಿಗಾಲದಿಂದ ಶುರುವಾಗಿತ್ತು. ಎರಡನೇ ಗೇರ್ ಹಾಕುವಾಗ ಅವಸರ ಮಾಡಿದರೆ ಕರ್ ಎನ್ನುತ್ತಿತ್ತು. ಇದಕ್ಕೂ ಮೊದಲು ಕೇಳಿದ್ದ ಇನ್ನೊಂದು ಕಡೆಯವರು ಬಾನೆಟ್ ಕೂಡ ಎತ್ತದೆ, ಫೋನಿನಲ್ಲೇ "ಒಳಗಿನದೆಲ್ಲ ಹೊಸದು ಹಾಕಬೇಕು" ಎಂದು ದೊಡ್ಡ ಮೊತ್ತ ಹೇಳಿದ್ದರು. ನೋಡದೆ ಹೇಳಿದ ಮಾತಿಗೆ ನಾನು ಹಣ ಕೊಡುವವನಲ್ಲ.

ಇಲ್ಲಿ ಮೊದಲು ಮಾಡಿದ್ದು ಸ್ಪ್ಯಾನರ್ ಹಿಡಿಯುವ ಕೆಲಸವಲ್ಲ. ಹಿರಿಯರು ನನ್ನ ಪಕ್ಕ ಕೂತು, ಕಾರು ಓಡಿಸಲು ಹೇಳಿದರು. ಮೂರರಲ್ಲಿ ಸದ್ದು, ನಾಲ್ಕಕ್ಕೆ ಹಾಕಿದೊಡನೆ ಮೌನ. "ಲೇಶಾಫ್ಟ್ ನೋಡಬೇಕು," ಎಂದರು. ಗೇರ್‌ಬಾಕ್ಸಿನ ಕೆಳಭಾಗದಲ್ಲಿ ಲೇಗೇರ್ ಎಂಬ ಹಲ್ಲುಚಕ್ರಗಳ ಗುಚ್ಛ ಕೂತಿರುವ ದಂಡವೇ ಲೇಶಾಫ್ಟ್. ನಾಲ್ಕನೇ ಗೇರಿನಲ್ಲಿ ಎಂಜಿನ್ನಿನ ಶಕ್ತಿ ನೇರವಾಗಿ ಹಿಂದಕ್ಕೆ ಹೋಗುತ್ತದೆ, ಕೆಳಗಿನ ಲೇಗೇರ್ ಭಾರವಿಲ್ಲದೆ ಸುಮ್ಮನೆ ಸುತ್ತುತ್ತದೆ. ಒಂದು, ಎರಡು, ಮೂರರಲ್ಲಿ ಇಡೀ ಭಾರ ಅದರ ಮೇಲೆಯೇ. ಆಮೇಲೆ ಮೂರರಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆಸಿ ಗೇರ್ ತಾನೇ ಜಾರುತ್ತದೆಯೇ ಎಂದು ನೋಡಿದರು. ಜಾರಲಿಲ್ಲ. ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಕ್ಲಚ್ ಒತ್ತಿಸಿ, ಬಿಡಿಸಿ, ಸದ್ದಿನ ವ್ಯತ್ಯಾಸ ಆಲಿಸಿದರು.

ಎಂಜಿಬಿಯಲ್ಲಿ ಗೇರ್‌ಬಾಕ್ಸ್ ಒಂದನ್ನೇ ಕೆಳಗಿನಿಂದ ಎಳೆಯಲು ಬರುವುದಿಲ್ಲ, ಎಂಜಿನ್ ಜೊತೆಗೇ ಮೇಲೆತ್ತಬೇಕು. ಆ ಕೆಲಸವನ್ನು ಬಾಡಿಗೆಗೆ ಕ್ರೇನ್ ತಂದು, ಊರಿನ ಗೆಳೆಯನ ಜೊತೆ ನಾನೇ ಮನೆಯ ಗ್ಯಾರೇಜಿನಲ್ಲಿ ಮಾಡಿಕೊಂಡು, ಬಾಕ್ಸ್ ಮಾತ್ರ ಅಲ್ಲಿಗೆ ಒಯ್ದೆ. ಬಿಚ್ಚುವ ದಿನ ಬಂದು ನೋಡಬಹುದೇ ಎಂದು ಕೇಳಿದರೆ, "ಬರಲೇಬೇಕು," ಎಂದರು ಮಗ.

ಲೇಶಾಫ್ಟ್ ಹೊರಬಂದಾಗ ಒರೆಸಿ ನನ್ನ ಕೈಗೇ ಕೊಟ್ಟರು. "ಉಗುರು ಆಡಿಸಿ ನೋಡಿ." ಒಂದು ಬದಿ ಕನ್ನಡಿಯಷ್ಟು ನುಣುಪು. ತಿರುಗಿಸಿದರೆ ಇನ್ನೊಂದು ಬದಿಯಲ್ಲಿ, ನೀಡಲ್ ರೋಲರ್‌ಗಳು (ಬೇರಿಂಗಿನ ಸೂಜಿಯಂಥ ಸಣ್ಣ ಉರುಳೆಗಳು) ಉರುಳುವ ಜಾಗದಲ್ಲಿ, ಉಗುರು ಟಕ್ ಎಂದು ಸಿಕ್ಕಿಕೊಂಡಿತು. ಗಡುಸಾದ ಮೇಲ್ಪದರ ಎದ್ದುಹೋಗಿ ಸಿಡುಬಿನ ಕಲೆಯಂಥ ಗುಳಿಗಳು. ಈ ಶಾಫ್ಟ್ ತಿರುಗುವುದಿಲ್ಲ, ಲೇಗೇರ್ ಮಾತ್ರ ಅದರ ಸುತ್ತ ತಿರುಗುತ್ತದೆ. ಹಾಗಾಗಿ ಭಾರವೆಲ್ಲ ಸದಾ ಒಂದೇ ಬದಿಗೆ ಬಿದ್ದು ಅಲ್ಲೇ ತಿನ್ನುತ್ತದೆ.

ಶಾಫ್ಟ್ ಹಾಳಾಗಿದ್ದನ್ನು ಯಾರು ಬೇಕಾದರೂ ಕಂಡುಹಿಡಿದಾರು. ಇವರು ಲೇಗೇರಿನ ಒಳತೂತಿಗೂ ಟಾರ್ಚ್ ಹಿಡಿದು, ಎರಡೂ ತುದಿಯಿಂದ ತೋರಿಸಿದ್ದು ನನಗೆ ಹೆಚ್ಚು ಬೆಲೆಯ ಕೆಲಸ. ರೋಲರ್‌ಗಳ ಹೊರಮೈ ಉರುಳುವುದು ಆ ತೂತಿನ ಗೋಡೆಯ ಮೇಲೆ. ಅಲ್ಲೂ ಗುಳಿ ಬಿದ್ದಿದ್ದರೆ ಹೊಸ ಶಾಫ್ಟ್, ಹೊಸ ರೋಲರ್ ಹಾಕಿದರೂ ಬೇಗನೆ ಅದೇ ಸದ್ದು ಮರಳುತ್ತದೆ. ನನ್ನದರಲ್ಲಿ ಗೋಡೆ ಶುದ್ಧವಾಗಿತ್ತು, ಹಲ್ಲುಗಳ ಅಂಚೂ ಚಕ್ಕೆ ಎದ್ದಿರಲಿಲ್ಲ. ಆ ದುಬಾರಿ ಲೇಗೇರ್ ಬದಲಿಸುವುದು ತಪ್ಪಿತು.

ಗೇರ್ ಬದಲಿಸುವಾಗ ಚಕ್ರಗಳ ವೇಗ ಸರಿಹೊಂದಿಸಿ ಸದ್ದಿಲ್ಲದೆ ಕೂರಿಸುವ ಸಿಂಕ್ರೋ ರಿಂಗ್‌ಗಳಲ್ಲಿ ಎರಡನೇ ಗೇರಿನ ಹಿತ್ತಾಳೆಯದನ್ನು ತೆಗೆದು, ಅದು ಕೂರುವ ಗೇರಿನ ಕೋನ್ ಮೇಲೆ ಒತ್ತಿ ತಿರುವಿ ತೋರಿಸಿದರು. ಕಚ್ಚಿ ಹಿಡಿಯಬೇಕಾದ್ದು ಜಾರುತ್ತಿತ್ತು. ಹಳೆಯ, ಹೊಸ ರಿಂಗ್‌ಗಳನ್ನು ಒಂದೊಂದಾಗಿ ಕೂರಿಸಿ, ರಿಂಗ್‌ಗೂ ಗೇರಿಗೂ ನಡುವಿನ ಸಂದಿಯನ್ನು ಫೀಲರ್ ಗೇಜ್‌ನಲ್ಲಿ (ಸಂದಿ ಅಳೆಯುವ ತೆಳು ಪಟ್ಟಿ) ಅಳೆದಾಗ ಹಳೆಯದರ ಸಂದಿ ಬಹಳ ಕಿರಿದಾಗಿತ್ತು. ಉಳಿದ ರಿಂಗ್‌ಗಳು ಇನ್ನೂ ಬಾಳುತ್ತವೆ ಎಂದು ಬರೆದುಕೊಟ್ಟರು. ಗೇರ್ ಬದಲಿಸುವಾಗ ಒಳಭಾಗಗಳನ್ನು ಸರಿಸುವ ಸೆಲೆಕ್ಟರ್ ಫೋರ್ಕ್‌ಗಳು ಚೆನ್ನಾಗಿದ್ದವು.

ಬರಹದ ವರದಿಯಲ್ಲಿ ಮೂರು ಗುಂಪು: ಬದಲಿಸಲೇಬೇಕಾದ್ದು, ಬಾಕ್ಸ್ ತೆರೆದಿರುವಾಗಲೇ ಬದಲಿಸಿದರೆ ಒಳ್ಳೆಯದು, ಮುಟ್ಟುವುದು ಬೇಡ. ಬಿಡಿಭಾಗದ ಬೆಲೆ ಪ್ರತಿ ಸಾಲಿನ ಎದುರಿಗೇ ಇತ್ತು. ಅಬಿಂಗ್ಡನ್ ಕಾರ್ಖಾನೆಯಿಂದ 1962ರಿಂದ 1980ರ ತನಕ 5 ಲಕ್ಷಕ್ಕೂ ಹೆಚ್ಚು ಎಂಜಿಬಿ ಹೊರಬಂದದ್ದರಿಂದ ಬಿಡಿಭಾಗಕ್ಕೇನೂ ಬರವಿಲ್ಲ, ಆದರೆ ಗುಣಮಟ್ಟ ಒಂದೇ ತೆರನಲ್ಲ. ಈಗಿನ ಕೆಲವು ಲೇಶಾಫ್ಟ್‌ಗಳು ಸಾಕಷ್ಟು ಗಡುಸಿರುವುದಿಲ್ಲ ಎಂದು ಅವರೇ ಎಚ್ಚರಿಸಿ, ತಾವು ಯಾವುದನ್ನು ಹಾಕುತ್ತೇವೆ ಎಂದು ತೋರಿಸಿದರು. ಕೊನೆಗೆ ರೀಬಿಲ್ಡ್ ಅವರಿಂದಲೇ ಮಾಡಿಸಿದೆ. ಫೋನಿನಲ್ಲಿ ಕೇಳಿದ್ದ ಮೊತ್ತದ ಅರ್ಧವೂ ಆಗಲಿಲ್ಲ.

ಕೊರತೆಗಳೂ ಇವೆ. ಫೋನ್ ಎತ್ತುವುದು ಅಪರೂಪ, ಮೇಲ್‌ಗೆ ಉತ್ತರ ಬರಲು ಕಾಯಬೇಕು. ವರದಿಗೆ ಅಂಟಿಸಿದ ಫೋಟೊಗಳು ಮಸುಕು. ದೊಡ್ಡ ಕೊರತೆ ಎಂದರೆ ಓವರ್‌ಡ್ರೈವ್ ಅನ್ನು ಓಡಿಸಿ ಒತ್ತಡ ಅಳೆಯುವ ಸಲಕರಣೆ ಇಲ್ಲ. ಫಿಲ್ಟರ್ ಬಿಚ್ಚಿ ತೊಳೆದು, ಸೊಲೆನಾಯ್ಡ್ (ಅದನ್ನು ಚಾಲೂ ಮಾಡುವ ವಿದ್ಯುತ್ ಭಾಗ) ಪರೀಕ್ಷಿಸಿ ಕೊಡುತ್ತಾರೆ, ಅಷ್ಟೇ. ಗೇರ್‌ಬಾಕ್ಸ್ ಮತ್ತು ಓವರ್‌ಡ್ರೈವ್ ಎರಡಕ್ಕೂ ಒಂದೇ ಆಯಿಲ್ ಆದ್ದರಿಂದ ಗೇರ್‌ಬಾಕ್ಸಿನಲ್ಲಿ ಉದುರಿದ ಲೋಹದ ಪುಡಿ ಓವರ್‌ಡ್ರೈವ್‌ಗೂ ಬರುತ್ತದೆ. ಓವರ್‌ಡ್ರೈವ್ ಮೇಲೆಯೇ ಅನುಮಾನ ಇರುವವರು ಅದನ್ನು ಬೇರೆ ಕಡೆ ನೋಡಿಸಬೇಕಾದೀತು.

ಹೋಗುವವರಿಗೆ ಒಂದು ಮಾತು: ಬಾಕ್ಸ್‌ನಿಂದ ಬಸಿದ ಹಳೆಯ ಆಯಿಲ್ ಚೆಲ್ಲಬೇಡಿ, ಶುಚಿಯಾದ ಡಬ್ಬಿಯಲ್ಲಿ ಹಾಗೇ ಒಯ್ಯಿರಿ. ಅದರಲ್ಲಿ ಆಯಸ್ಕಾಂತ ಆಡಿಸಿ, ಅಂಟಿಕೊಂಡ ಉಕ್ಕು ಎಷ್ಟು, ತಳದಲ್ಲಿ ಉಳಿದ ಹಿತ್ತಾಳೆ ಎಷ್ಟು ಎಂದು ಅವರು ಮೊದಲು ನೋಡುವುದೇ ಅದನ್ನು.