ಕಿಟ್, ಹುಲ್ಲು, ಅಡಿಕೆ ಹಾಳೆ: ಅಣಬೆಗೆ ನಮ್ಮನೆಯಲ್ಲಿ ಗೆದ್ದದ್ದು ಯಾವುದು?

ಮೊದಲೇ ಹೇಳಿಬಿಡುತ್ತೇನೆ, ಮನೆಯಲ್ಲಿ ಚಿಪ್ಪು ಅಣಬೆ ಬೆಳೆಸಲು ನನ್ನ ವೋಟು ಹಾಳೆಗೆ. ಶಿರಸಿ ಹತ್ತಿರ ತೋಟದ ಮನೆ ನಮ್ಮದು, ಹಾಳೆ ಕಾಲಿಗೆ ಸಿಗುತ್ತದೆ.

ಶುರು ಮಾಡಿದ್ದು ಮಾತ್ರ ಆನ್‌ಲೈನ್ ಕಿಟ್‌ನಿಂದ, ಅಂದರೆ ನೀರು ಸಿಂಪಡಿಸಿದರೆ ಅಣಬೆ ಏಳುವ ಸಿದ್ಧ ಚೀಲದಿಂದ. 450 ರೂಪಾಯಿ. ಬರುವಾಗಲೇ ಚೀಲದೊಳಗೆ ಹಳದಿ ನೀರು ಬಿಟ್ಟಿತ್ತು. ದಿನಾ ಎರಡು ಹೊತ್ತು ನೀರು ಸಿಂಪಡಿಸಿದ್ದಕ್ಕೆ ಸಿಕ್ಕಿದ್ದು ಒಂದು ಹಿಡಿ. ಪಲ್ಯಕ್ಕೂ ಸಾಲಲಿಲ್ಲ. 'ನಾಯಿಕೊಡೆಗೆ ಇಷ್ಟೆಲ್ಲ ಉಪಚಾರವಾ?' ಅಂತ ಆಯಿ ನಕ್ಕಳು.

ಆಮೇಲೆ ಭತ್ತದ ಹುಲ್ಲು. ಎರಡು ಬೆರಳಷ್ಟು ಉದ್ದಕ್ಕೆ ಕತ್ತರಿಸಿ, ರಾತ್ರಿಯಿಡೀ ನೆನೆಸಿ, ಬಚ್ಚಲ ಹಂಡೆಯ ಕುದಿನೀರಲ್ಲಿ ಮುಳುಗಿಸಿಟ್ಟೆ. ಅಲ್ಲಿವರೆಗೆ ಸಲೀಸು. ತಲೆನೋವು ಶುರುವಾಗುವುದು ನೀರು ಬಸಿಯುವಾಗ. ಮುಷ್ಟಿಯಲ್ಲಿ ಹಿಂಡಿದರೆ ಹನಿ ಬೀಳಬಾರದು, ಅಂಗೈಗೆ ತಂಪು ಮಾತ್ರ ತಾಗಬೇಕು. ಜುಲೈ ಮಳೆಯಲ್ಲಿ ಒಗೆದ ಪಂಚೆಯೇ ಮೂರು ದಿನ ಒಣಗುವುದಿಲ್ಲ, ಹುಲ್ಲು ಒಣಗುತ್ತದಾ? ಜಗಲಿಯಲ್ಲಿ ಗೋಣಿ ಹಾಸಿ ಹರಡಿದೆ, ಫ್ಯಾನ್ ಹಾಕಿದೆ. ಬೆಳಿಗ್ಗೆ ಹಿಂಡಿದರೆ ಇನ್ನೂ ತೊಟ್ಟಿಕ್ಕುತ್ತಿತ್ತು. ತಾಳ್ಮೆ ಇಲ್ಲದೆ ಹಾಗೇ ಚೀಲಕ್ಕೆ ತುಂಬಿಬಿಟ್ಟೆ.

ಒಂಬತ್ತನೇ ದಿನ ಚೀಲದ ತಳದ ಮೂಲೆಯಲ್ಲಿ ನಾಣ್ಯದಷ್ಟು ಹಸಿರು. ಮೂರು ದಿನಕ್ಕೆ ಅರ್ಧ ಚೀಲ ಹಸಿರು. ಅದೂ ಒಂದು ಶಿಲೀಂಧ್ರವೇ, ಟ್ರೈಕೋಡರ್ಮಾ. ಅಡಿಕೆ ಮರದ ಬುಡಕ್ಕೆ ನಾವೇ ದುಡ್ಡು ಕೊಟ್ಟು ತಂದು ಹಾಕುವಂಥದ್ದು, ಅಣಬೆ ಚೀಲಕ್ಕೆ ಬಂದರೆ ಶತ್ರು! ಎರಡನೇ ಸಲ ಆರಲಿ ಅಂತ ಜಾಸ್ತಿ ಹೊತ್ತು ಹರಡಿ ಬಿಟ್ಟೆ, ಹುಲ್ಲು ಹುಳಿ ವಾಸನೆ ಬಂತು. ಮೂರನೇ ಸಲ ಒಲೆ ಮೇಲಿನ ಅಟ್ಟಕ್ಕೆ ಹೊತ್ತು ಹಾಕಿ ಆರಿಸಿದೆ, ಆಗ ಸರಿಯಾಯಿತು. ಆದರೆ ಒದ್ದೆ ಹುಲ್ಲು ಹೊತ್ತು ಏಣಿ ಹತ್ತುವ ಕೆಲಸ ಯಾರಿಗೆ ಬೇಕು?

ಹಾಳೆಯಲ್ಲಿ ಈ ರಗಳೆ ಇಲ್ಲ. ಬೇಸಿಗೆಯಲ್ಲಿ ಒಣಗಿಸಿಟ್ಟ ಹಾಳೆಯನ್ನೇ ತೆಗೆದುಕೊಳ್ಳಬೇಕು, ಮಳೆಗೆ ಕೊಳೆತದ್ದು ಬೇಡ. ನೆನೆಸುವುದು, ಕುದಿಸುವುದು ಹುಲ್ಲಿನ ಹಾಗೇ. ತುಂಡುಗಳ ನಡುವೆ ಸಂದು ಇರುತ್ತದಲ್ಲ, ಬುಟ್ಟಿಗೆ ಸುರಿದರೆ ಸಂಜೆಯೊಳಗೆ ನೀರು ಇಳಿದಿರುತ್ತದೆ. ಒಂದು ಪದರ ಹಾಳೆ, ಒಂದು ಪದರ ಬೀಜ. ಬೀಜ ಅಂದರೆ ಬಿಳಿ ಎಳೆ ಹಬ್ಬಿದ ಜೋಳದ ಕಾಳು. ಕತ್ತಲೆ ಕೋಣೆಯಲ್ಲಿ 18 ದಿನಕ್ಕೆ ಚೀಲ ಹತ್ತಿಯಷ್ಟು ಬೆಳ್ಳಗಾಯಿತು. ಸೀಳು ಕೊಟ್ಟು ಗಾಳಿ ಬೆಳಕಿಗೆ ಇಟ್ಟ ನಾಲ್ಕನೇ ದಿನ ಗುಂಡುಸೂಜಿ ತಲೆಯಂಥ ಮೊಗ್ಗು. ಮೂರು ಸಲ ಕೊಯ್ದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಇದನ್ನೆಲ್ಲ ಯಾವತ್ತೋ ಮಾಡಿ ತೋರಿಸಿದ್ದಾರೆ. ನಾನೇ ತಡವಾಗಿ ಕಣ್ಣು ಬಿಟ್ಟಿದ್ದು.

ಹಾಳೆಯ ದೋಷ? ಕತ್ತರಿಸುವಾಗ ಕೈ ಬೊಬ್ಬೆ ಬರುತ್ತದೆ. ಚೂಪು ಅಂಚು ತೆಳು ಚೀಲವನ್ನು ಹರಿಯುತ್ತದೆ, ದಪ್ಪನೆಯದು ತನ್ನಿ.

ಇದೆಲ್ಲ ಚಿಪ್ಪು ಅಣಬೆಯ ಮಾತು. ಕಾರವಾರ, ಅಂಕೋಲೆಯ ಬೇಸಿಗೆ ಸೆಕೆಗೆ ಹಾಲು ಅಣಬೆ ವಾಸಿ, ಅದಕ್ಕೆ 30–35 ಡಿಗ್ರಿ ಇಷ್ಟ. ರುಚಿಯಲ್ಲಿ ಹುತ್ತದ ಅಣಬೆಗೆ ಯಾವುದೂ ಸಮ ಅಲ್ಲ ಬಿಡಿ, ಆದರೆ ಅದು ಗೆದ್ದಲಿನ ಜೊತೆಗೇ ಬದುಕುವಂಥದ್ದು, ಚೀಲದಲ್ಲಿ ಏಳುವುದಿಲ್ಲ.

ಪೇಟೆ ಮನೆಯವರು ಹುಲ್ಲನ್ನೇ ಮಾಡಿ, ಮಳೆ ಬಿಟ್ಟ ಮೇಲೆ. ತೋಟ ಇದ್ದವರು ಸುಮ್ನೆ ಹುಲ್ಲಿಗೆ ದುಡ್ಡು ಹಾಕಬೇಡಿ. ನನಗೆ ಖರ್ಚಾಗಿದ್ದು ಬೀಜ ಮತ್ತು ಚೀಲಕ್ಕೆ ಮಾತ್ರ.